ಹಂಚಿಕೊಂಡ ತಪ್ಪು

ಹೊಂದಾಣಿಕೆ ಸದ್ಗುಣವೋ ದುರ್ಗುಣವೋ ಎಂದು ಯಾರಾದರೂ ಕೇಳಿದರೆ ನಾವು ಥಟ್ಟನೆ ಉತ್ತರ ಹೇಳಲಾರೆವು. ಮನೆಯಲ್ಲಿ ಹೊಂದಿಕೊಂಡು ಹೋಗುವವನನ್ನು ಒಳ್ಳೆಯವನೆನ್ನುತ್ತೇವೆ. ತತ್ತ್ವದಲ್ಲಿ ಹೊಂದಿಕೊಂಡವನನ್ನು ಹೇಡಿಯೆನ್ನುತ್ತೇವೆ. ಇವೆರಡರ ನಡುವಣ ಗೆರೆ ಎಲ್ಲಿದೆ? ಈ ಪ್ರಶ್ನೆಯನ್ನು ನನ್ನ ತಲೆಗೆ ಹಚ್ಚಿದ್ದು ಯಾವ ಧರ್ಮಗ್ರಂಥವೂ ಅಲ್ಲ. ಒಂದು ಹಾರ್ಮೋನಿಯಂ ಪೆಟ್ಟಿಗೆ.

ದಾವಣಗೆರೆಯವರಿಗೆ ಈ ಪೆಟ್ಟಿಗೆಯ ಪರಿಚಯ ಮಾಡಿಕೊಡಬೇಕಾದುದಿಲ್ಲ. ಚಿಂದೋಡಿ ವೀರಪ್ಪನವರು ಕಟ್ಟಿದ, ಚಿಂದೋಡಿ ಲೀಲಾ ಅವರು ಹೆಸರು ಮಾಡಿದ ಕೆ.ಬಿ.ಆರ್. ಡ್ರಾಮಾ ಕಂಪನಿ ಈ ಊರಿನದು. ಕಂಪನಿ ನಾಟಕವೆಂದರೆ ಹಾರ್ಮೋನಿಯಂ ಮಾಸ್ತರರಿಲ್ಲದೆ ಪರದೆ ಏಳದು. ರಾಜನ ಪಾತ್ರಧಾರಿ ಬಿಳಿ ಒಂದರಲ್ಲಿ ಹಾಡಿ ಒಳಗೆ ಹೋಗುತ್ತಾನೆ. ರಾಣಿ ಕರಿ ನಾಲ್ಕರಲ್ಲಿ ಎತ್ತಿಕೊಳ್ಳುತ್ತಾಳೆ. ಮಾಸ್ತರರು ಬೆರಳು ಸರಿಸಿದರೆ ಸಾಕು, ಪೆಟ್ಟಿಗೆ ಇಬ್ಬರಿಗೂ ಒದಗುತ್ತದೆ. ತಂಬೂರಿಯಾಗಿದ್ದರೆ ಪ್ರತಿಸಲವೂ ತಂತಿಗಳನ್ನು ತಿರುವಿ ಕೂಡಿಸುವಷ್ಟರಲ್ಲಿ ಗ್ಯಾಲರಿಯವರು ಶಿಳ್ಳೆ ಹಾಕುತ್ತಿದ್ದರು.

ಆದರೆ ಇಷ್ಟು ಉಪಕಾರಿಯಾದ ಪೆಟ್ಟಿಗೆಯ ಮೇಲೆ ಒಂದು ಹಳೆಯ ಆಪಾದನೆಯಿದೆ: ಅದು ಸುಳ್ಳು ಹೇಳುತ್ತದೆ. 1940ರಲ್ಲಿ ನಮ್ಮ ದೇಶದ ರೇಡಿಯೋ ಅದಕ್ಕೆ ಬಾಗಿಲು ಮುಚ್ಚಿತು. ರವೀಂದ್ರನಾಥ ಠಾಕೂರರಂಥವರೇ ಅದನ್ನು ಬೆಂಬಲಿಸಿದರು. ಆ ಬಾಗಿಲು ಸ್ವಲ್ಪ ಸರಿದುದು 1970ರ ದಶಕದ ಆರಂಭದಲ್ಲಿ. ಮೀಂಡು ಗಮಕಗಳು ಅದರಲ್ಲಿ ಹುಟ್ಟವು ಎಂಬುದು ಒಂದು ದೂರು. ನನ್ನನ್ನು ಕಾಡಿದುದು ಇನ್ನೊಂದು ದೂರು: ಅದರ ಸ್ವರಗಳೇ ಶುದ್ಧವಲ್ಲ ಎಂಬುದು.

ಶುದ್ಧವೆಂದರೇನು? ತಂಬೂರಿಯ ಒಂದು ತಂತಿಯನ್ನು ಮೀಟಿ ಕಿವಿಗೊಡಿ. ತಂತಿ ತಾನು ಪೂರ್ತಿಯಾಗಿ ಕಂಪಿಸುತ್ತಲೇ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಮೂಲಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ಕಂಪನವುಳ್ಳ ಉಪಸ್ವರಗಳು ಏಳುತ್ತವೆ. ಮೂರನೆಯದು ಪಂಚಮ, ಐದನೆಯದು ಗಾಂಧಾರ. ಯಾರೂ ಗಾಂಧಾರದ ತಂತಿ ಕಟ್ಟಿಲ್ಲ. ಆದರೂ ಚೆನ್ನಾಗಿ ಕೂಡಿದ ತಂಬೂರಿಯಲ್ಲಿ ಗಾಂಧಾರ ತಾನಾಗಿಯೇ ಕೇಳಿಸುತ್ತದೆ. ಸರ್ ಸಿ. ವಿ. ರಾಮನ್ನರು ಬೆಳಕಿನ ಶೋಧದಿಂದ ಲೋಕಪ್ರಸಿದ್ಧರಾಗುವ ಮೊದಲೇ ನಮ್ಮ ತಂತಿವಾದ್ಯಗಳ ಮತ್ತು ಮೃದಂಗದ ಇಂಥ ಉಪಸ್ವರಗಳನ್ನು ಕುರಿತು ಬರೆದಿದ್ದರು. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನ ಎಂದಿಟ್ಟುಕೊಂಡರೆ ಈ ನಿಸರ್ಗದತ್ತ ಗಾಂಧಾರಕ್ಕೆ 300 ಬರುತ್ತದೆ.

ಹಾರ್ಮೋನಿಯಮ್ಮಿನ ಗಾಂಧಾರಕ್ಕೆ ಬರುವುದು 302.4. ಎರಡೂವರೆ ಕಂಪನದ ವ್ಯತ್ಯಾಸ ದೊಡ್ಡದೇನು ಎನ್ನಬಹುದು. ಆದರೆ ಷಡ್ಜದ ಐದನೆಯ ಉಪಸ್ವರವೂ ಗಾಂಧಾರದ ನಾಲ್ಕನೆಯ ಉಪಸ್ವರವೂ ಒಂದೇ ಆಗಿ ಬೆರೆಯಬೇಕಾದಲ್ಲಿ 1200, 1209.5 ಎಂದು ಬೇರೆಯಾಗಿ ನಿಂತು, ಸೆಕೆಂಡಿಗೆ ಒಂಬತ್ತು ಹತ್ತು ಸಲ ನಾದ ನಡುಗುತ್ತದೆ. ನುರಿತ ಕಿವಿಗೆ ಅದು ಅನ್ನದಲ್ಲಿ ಸಿಕ್ಕ ಕಲ್ಲಿನಂತೆ.

ಹಾಗಾದರೆ ಪೆಟ್ಟಿಗೆಯ ನಾಲಗೆಗಳನ್ನು ಅರದಿಂದ ಉಜ್ಜಿ ಶುದ್ಧಸ್ವರಕ್ಕೆ ತರಬಾರದೆ? ತರಬಹುದು, ಕೆಲವರು ತಂದದ್ದೂ ಉಂಟು. ಷಡ್ಜ 240, ರಿಷಭ 270, ಧೈವತ 400. ರಾಜನ ಹಾಡು ಸೊಗಸಾಗಿ ಬರುತ್ತದೆ. ಆದರೆ ಮುಂದಿನ ಪಾತ್ರ ಆ ರಿಷಭವನ್ನೇ ತನ್ನ ಷಡ್ಜವೆಂದು ಹಿಡಿದರೆ ಅದಕ್ಕೆ ಬೇಕಾದ ಪಂಚಮ 405, ಪೆಟ್ಟಿಗೆಯಲ್ಲಿರುವುದು 400. ಷಡ್ಜ ಪಂಚಮಗಳ ಕೂಟವೇ ಕೆಟ್ಟಮೇಲೆ ಉಳಿದುದೇನು? ಒಬ್ಬನಿಗೆ ಪೂರ್ಣ ನ್ಯಾಯ ದೊರಕಿಸಿದ ಪೆಟ್ಟಿಗೆ ಇನ್ನೊಬ್ಬಳಿಗೆ ದೊಡ್ಡ ಅನ್ಯಾಯ ಮಾಡಿತು.

ತಪ್ಪು ಪೆಟ್ಟಿಗೆ ಮಾಡಿದವನದಲ್ಲ. ಷಡ್ಜದಿಂದ ಪಂಚಮಕ್ಕೆ, ಆ ಪಂಚಮದಿಂದ ಅದರ ಪಂಚಮಕ್ಕೆ ಎಂದು ಹನ್ನೆರಡು ಸಲ ಏರಿದರೆ ಏಳು ಸ್ಥಾಯಿ ಮೇಲಿನ ಷಡ್ಜಕ್ಕೆ ಬಂದು ಮುಟ್ಟಬೇಕು, ಮೂಲದ 128ರಷ್ಟಾಗಬೇಕು. ಆಗುವುದು ಸುಮಾರು 129.75ರಷ್ಟು. ನಮ್ಮ ಅಡತಿ ಅಂಗಡಿಯ ಗುಮಾಸ್ತರು ಎಷ್ಟು ಸಲ ಕೂಡಿದರೂ ಈ ಖಾತೆ ಸರಿಹೊಂದದು. ಪ್ರಕೃತಿಯ ಲೆಕ್ಕದಲ್ಲೇ ಒಂದಿಷ್ಟು ಬಾಕಿ ಉಳಿಯುತ್ತದೆ. ಅದನ್ನು ಯಾರಾದರೂ ಹೊರಲೇಬೇಕು. 1584ರಲ್ಲಿ ಚೀನಾದ ರಾಜಕುಮಾರ ಝು ಝೈಯು ಲೆಕ್ಕ ಹಾಕಿ ತೋರಿಸಿದ ಉಪಾಯ, ಆ ಬಾಕಿಯನ್ನು ಹನ್ನೆರಡು ಸ್ವರಸ್ಥಾನಗಳಿಗೂ ಸಮನಾಗಿ ಹಂಚುವುದು. ಯುರೋಪಿನಲ್ಲಿ ಬೆಳೆದು ನಮ್ಮಲ್ಲಿಗೆ ಬಂದ ಹಾರ್ಮೋನಿಯಂ ನಡೆಯುವುದು ಇದೇ ಹಂಚಿಕೆಯ ಮೇಲೆ. ಯಾರೂ ಪೂರ್ತಿ ಸರಿಯಿಲ್ಲ. ಯಾರೊಬ್ಬರೂ ಸಹಿಸಲಾಗದಷ್ಟು ತಪ್ಪೂ ಇಲ್ಲ.

ಇದನ್ನು ಸುಳ್ಳೆನ್ನೋಣವೆ? ನನಗೇನೋ ಬಾಯಿ ಬಾರದು. ತುಂಬಿದ ಸಂಸಾರದಲ್ಲಿ ಹಿರಿಯರು ಮಾಡುವುದೂ ಇದನ್ನೇ ಅಲ್ಲವೆ? ಕೊರತೆಯನ್ನೆಲ್ಲ ಒಬ್ಬ ಸೊಸೆಯ ತಟ್ಟೆಗೆ ತಳ್ಳಿ ಉಳಿದವರು ತೃಪ್ತರಾಗಿ ಉಣ್ಣುವ ಮನೆಗಿಂತ ಎಲ್ಲರೂ ಒಂದೊಂದು ತುತ್ತು ಕಡಿಮೆ ಉಣ್ಣುವ ಮನೆ ಮೇಲು. ಆ ಮನೆಯಲ್ಲಿ ಯಾರ ಹೊಟ್ಟೆಯೂ ಪೂರ್ತಿ ತುಂಬಿರದಿದ್ದರೂ ಧರ್ಮ ಉಳಿದಿರುತ್ತದೆ.

ಆದರೂ ಅಪಾಯವಿಲ್ಲದಿಲ್ಲ. ಹುಟ್ಟಿದಾಗಿನಿಂದ ಪೆಟ್ಟಿಗೆಯನ್ನೇ, ಈಗಿನ ವಿದ್ಯುತ್ ಕೀಬೋರ್ಡನ್ನೇ ಕೇಳಿ ಬೆಳೆದ ಮಗುವಿಗೆ 302.4ರ ಗಾಂಧಾರವೇ ಗಾಂಧಾರ. ತಂಬೂರಿಯ 300 ಅದಕ್ಕೆ ತಗ್ಗಿದಂತೆ ಕೇಳಿಸೀತು. ಆಗ ಹೊಂದಾಣಿಕೆ ಹೊಂದಾಣಿಕೆಯಾಗಿ ಉಳಿಯದೆ ಸತ್ಯದ ಪೀಠವನ್ನೇ ಏರಿ ಕುಳಿತುಕೊಳ್ಳುತ್ತದೆ. ನಾವು ಕಚೇರಿಯಲ್ಲಿ, ವ್ಯಾಪಾರದಲ್ಲಿ ಆಡುವ ಸಣ್ಣ ಸುಳ್ಳುಗಳ ಗತಿಯೂ ಇದೇ. ಮೊದಲ ದಿನ ನಾಲಗೆ ತಡವರಿಸಿತ್ತು. ಹತ್ತನೆಯ ವರ್ಷಕ್ಕೆ ಅದು ಸುಳ್ಳೆಂಬುದೇ ಮರೆತಿದೆ.

ನೆರೆಯ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಹುಕಾಲ ಲೇತ್ ಯಂತ್ರಗಳನ್ನು ಮಾಡಿತು. ಈಗ ಅದು ಮುಚ್ಚಿದೆ. ಲೇತಿನ ಮುಂದೆ ನಿಂತವರಿಗೆ ಟಾಲರೆನ್ಸ್ ಎಂಬ ಮಾತು ಗೊತ್ತು. ಯಾವ ದಂಡವೂ ಹೇಳಿದ ಅಳತೆಗೆ ಕೂದಲೆಳೆಯೂ ತಪ್ಪದೆ ಬರುವುದಿಲ್ಲ. ಇಷ್ಟರವರೆಗೆ ತಪ್ಪಬಹುದೆಂದು ನಕ್ಷೆಯಲ್ಲೇ ಬರೆದಿರುತ್ತದೆ. ಆದರೆ ಅದೇ ನಕ್ಷೆಯಲ್ಲಿ ನಿಜವಾದ ಅಳತೆಯೂ ಬರೆದಿರುತ್ತದೆ. ಎಷ್ಟು ತಪ್ಪಿದೆಯೆಂದು ಅಳೆದು ಬಿಟ್ಟವನು ಕಸಬುದಾರ. ಅಳೆಯದೆ ಬಿಟ್ಟವನು ಸೋಮಾರಿ. ಇಬ್ಬರ ಕೈಯಲ್ಲಿ ಬಂದ ತಪ್ಪು ಒಂದೇ ಆಗಿದ್ದರೂ ಇಬ್ಬರೂ ಒಂದೇ ಅಲ್ಲ.

ಅದೇ ಊರಿನಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ಮಂತ್ರಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ ದೇವಾಲಯದೊಳಗೆ ಹರಿಹರೇಶ್ವರ ನಿಂತಿದ್ದಾನೆ. ಶೈವ ವೈಷ್ಣವರನ್ನು ಹೊಂದಿಸಲು ಶಿಲ್ಪಿ ಹರಿಯೂ ಅಲ್ಲದ ಹರನೂ ಅಲ್ಲದ ಮೂರನೆಯ ದೇವರನ್ನು ಕಲಸಿ ಮಾಡಲಿಲ್ಲ. ಒಂದು ಪಕ್ಕ ಹರ, ಒಂದು ಪಕ್ಕ ಹರಿ. ಇಬ್ಬರೂ ತಮ್ಮ ಗುರುತು ಬಿಡದೆ ಒಂದೇ ಕಲ್ಲಿನಲ್ಲಿ ನಿಂತಿದ್ದಾರೆ.

ಪೆಟ್ಟಿಗೆಯನ್ನು ನಾವು ಹೊರಗೆ ಹಾಕಬೇಕಾಗಿಲ್ಲ. ಗದುಗಿನ ಪುಟ್ಟರಾಜ ಗವಾಯಿಗಳು ಪಿಟೀಲನ್ನೂ ನುಡಿಸಿದರು, ಹಾರ್ಮೋನಿಯಮ್ಮನ್ನೂ ನುಡಿಸಿದರು. ಸ್ವರ ಎಲ್ಲಿದೆಯೆಂದು ಬಲ್ಲ ಕಿವಿಗೆ ಪೆಟ್ಟಿಗೆಯಿಂದ ಕೇಡಿಲ್ಲ. ನಾವು ಮಾಡಬೇಕಾದುದು ಇಷ್ಟೇ: ಪೆಟ್ಟಿಗೆಯ ಹಿಂದೆ ತಂಬೂರಿಯನ್ನು ಇರಿಸುವುದು. ಹತ್ತು ಜನರೊಡನೆ ಬಾಳಬೇಕಾದವನು ಅಷ್ಟಿಷ್ಟು ಅಪಸ್ವರವನ್ನು ಹೊರಲೇಬೇಕು. ಹೊರುವಾಗ ತನ್ನ ಪಾಲನ್ನು ನೆರೆಯವನ ಹೆಗಲಿಗೆ ದಾಟಿಸಬಾರದು. ರಾತ್ರಿ ಒಬ್ಬನೇ ಕುಳಿತಾಗಲಾದರೂ ಒಂದು ತಂತಿಯನ್ನು ಮೀಟಿ, ಇಂದು ಎಷ್ಟು ತಪ್ಪಿದೆನೆಂದು ಕೇಳಿಕೊಳ್ಳಬೇಕು. ಆ ತಂತಿ ಮನೆಯಲ್ಲಿ ಇರುವವರೆಗೆ ಹೊಂದಾಣಿಕೆ ಸುಳ್ಳಾಗುವುದಿಲ್ಲ.