ಎದೆ ಡವಡವ ಎಂದಾಗ
ಶಿರ್ತಾಡಿಯಿಂದ ಬೆಂಗಳೂರಿಗೆ ಹೋಗಿ ನೈಟ್ ಶಿಫ್ಟ್ ಮಾಡುವ ನಮ್ಮ ಯುವಕರು ನನ್ನನ್ನು ಕೇಳ್ತಾರೆ: "ಬ್ರದರ್, ಎದೆ ಡವಡವ ಹೊಡ್ಕೊಳ್ತದೆ, ನನ್ನ ವಿಶ್ವಾಸ ಕಡಿಮೆಯಾಯ್ತಾ?" ಇಲ್ಲ. ಕೀರ್ತನೆ 38:10ರಲ್ಲಿ ದಾವೀದನೂ ತನ್ನ ಎದೆಬಡಿತವನ್ನು ದೇವರ ಮುಂದೆ ಹೇಳಿಕೊಂಡ.

ನಿದ್ದೆಗೇಡು, ಕಾಫಿ, ಚಿಂತೆ, ರಕ್ತಹೀನತೆ, ಥೈರಾಯ್ಡ್ ಯಾವುದೂ ಕಾರಣ ಇರಬಹುದು. ಕುಳಿತು ನಿಧಾನ ಉಸಿರಾಡಿ, ನಾಡಿ ಎಣಿಸಿ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಸಹಜ. ಪದೇ ಪದೇ ಬಂದರೆ ಇಸಿಜಿ ಮಾಡಿಸಿ. ಎದೆನೋವು, ಏದುಸಿರು, ಎಚ್ಚರ ತಪ್ಪುವುದು ಇದ್ದರೆ ಪ್ರಾರ್ಥನೆ ಮುಗಿಯಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್‌ನಲ್ಲೇ ಪ್ರಾರ್ಥಿಸೋಣ.

ಹಿಜ್ಕೀಯನನ್ನು ಗುಣಪಡಿಸುತ್ತೇನೆಂದು ಕರ್ತನು ಮಾತು ಕೊಟ್ಟ ಮೇಲೂ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಹಚ್ಚಿಸಿದ (2 ಅರಸುಗಳು 20). ವಾಗ್ದಾನ, ಮದ್ದು ಎರಡೂ ಒಟ್ಟಿಗೇ ಬಂದವು. ಡಾಕ್ಟರ್ ಹತ್ತಿರ ಹೋಗುವುದು ಅವಿಶ್ವಾಸವಲ್ಲ. ಆಮೆನ್.