ಕಲೆಗೆ ಹೊತ್ತು ಎಲ್ಲಿಂದ ಬರುತ್ತದೆ?

ಬದುಕು ಒಂದು ನೆಲೆಯಿಂದ ಇನ್ನೊಂದಕ್ಕೆ ಹೊರಳುವ ಕಾಲದಲ್ಲಿ ಮೊದಲು ಬದಿಗೆ ಸರಿಯುವುದು ಕಲೆ ಮತ್ತು ಕೈಕೆಲಸ. ಬೇಸಾಯ ಬಿಟ್ಟು ಕಾರ್ಖಾನೆಗೆ ಸೇರಿದವರು, ಹಳ್ಳಿಯಿಂದ ಪೇಟೆಗೆ ಬಂದವರು, ಓದು ಮುಗಿಸಿ ಕೆಲಸ ಹುಡುಕುತ್ತಿರುವವರು ಎಲ್ಲರೂ ಆಡುವ ಮಾತು ಒಂದೇ: ಈಗ ಪುರುಸೊತ್ತಿಲ್ಲ, ಎಲ್ಲ ಒಂದು ದಾರಿಗೆ ಬಂದ ಮೇಲೆ ನೋಡೋಣ. ಮಿಕ್ಕ ಕೆಲಸವೆಲ್ಲ ಮುಗಿದು ಉಳಿದ ಹೊತ್ತು ಮಾತ್ರ ಕಲೆಗೆ ಸಲ್ಲುತ್ತದೆ ಎಂಬ ನಂಬಿಕೆ ಈ ಮಾತಿನ ಹಿಂದಿದೆ. ಇದಕ್ಕೆ ತೀರಾ ಎದುರಾದ ನಂಬಿಕೆಯೂ ಒಂದುಂಟು. ನಿಜವಾದ ಕಲಾವಿದ ಮನೆ ಮಠ ಬಿಟ್ಟು ಕಲೆಗೇ ತನ್ನನ್ನು ತೆತ್ತುಕೊಳ್ಳುತ್ತಾನೆ ಎಂಬುದು ಅದು. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಅನುಭವವನ್ನು ಇಟ್ಟುಕೊಂಡು ನೋಡಿದರೆ ಎರಡೂ ನಿಲ್ಲುವುದಿಲ್ಲ. ಅಲ್ಲಿ ಕಲೆ ಉಸಿರಾಡುತ್ತಿರುವ ಕಡೆಯಲ್ಲೆಲ್ಲ ಅದರ ಹೊತ್ತನ್ನು ಮೊದಲೇ ಗೊತ್ತುಮಾಡಿಟ್ಟ ಒಂದು ಏರ್ಪಾಡು ಕಾಣುತ್ತದೆ.

ಈ ಸೀಮೆಯ ಹೊರಳುವಿಕೆ ಕಣ್ಣೆದುರೇ ನಡೆದಿದೆ. ತುಮಕೂರಿನ ಹೊರವಲಯದ ವಸಂತನರಸಾಪುರ ದೊಡ್ಡ ಕೈಗಾರಿಕಾ ಪ್ರದೇಶವಾಗಿ ಬೆಳೆದಿದೆ. 2014ರಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಪೂರ್ತಿಯಾಗಿ ಕುಣಿಗಲ್ ರಾಜಧಾನಿಗೆ ಇನ್ನಷ್ಟು ಹತ್ತಿರವಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಇವೆಲ್ಲ ತಂದ ಬದಲಾವಣೆ ಆದಾಯಕ್ಕೆ ಮಾತ್ರ ಸೇರಿದ್ದಲ್ಲ, ಜನರ ದಿನಚರಿಯೂ ಬೇರೆಯಾಗಿದೆ.

ಮಳೆಯನ್ನೇ ನಂಬಿದ ರಾಗಿ ಬೇಸಾಯಕ್ಕೆ ಅದರದೇ ಏರಿಳಿತವಿತ್ತು. ಬಿತ್ತನೆ, ಕಳೆ, ಕುಯಿಲು, ಒಕ್ಕಣೆಗಳಲ್ಲಿ ಉಸಿರು ಬಿಡಲು ಆಗದಷ್ಟು ಕೆಲಸ. ಸುಗ್ಗಿ ಕಳೆದು ಮುಂಗಾರು ಹನಿಯುವವರೆಗೆ ಬಿಡುವು. ಜಾತ್ರೆ, ಪರಿಷೆ, ನಾಟಕ, ಹಗ್ಗ ಹೊಸೆಯುವುದು, ಮಾಡಿಗೆ ತೆಂಗಿನ ಗರಿ ಹೆಣೆಯುವುದು ಆ ಬಿಡುವಿನಲ್ಲಿ ಸೇರಿಕೊಳ್ಳುತ್ತಿದ್ದವು. ಕೊಳವೆಬಾವಿ ಮತ್ತು ಹೇಮಾವತಿ ನಾಲೆಯ ನೀರಿನಿಂದ ತೆಂಗು, ಅಡಿಕೆ ತೋಟಗಳು ಹಬ್ಬಿದಾಗ ಬೇಸಾಯದೊಳಗೇ ಆ ಬಿಡುವು ಕರಗತೊಡಗಿತು. ತೋಟ ವರ್ಷವಿಡೀ ಕೆಲಸ ಕೇಳುತ್ತದೆ. ಕಾರ್ಖಾನೆಯ ಪಾಳಿ ಬಂದದ್ದು ಅದರ ಮೇಲೆ.

ಬ್ರಿಟಿಷ್ ಇತಿಹಾಸಕಾರ ಇ. ಪಿ. ಥಾಂಪ್ಸನ್ 1967ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ ಕೆಲಸವನ್ನು ನೋಡಿ ನಡೆಯುವ ಹೊತ್ತನ್ನೂ ಗಡಿಯಾರ ನೋಡಿ ನಡೆಯುವ ಹೊತ್ತನ್ನೂ ಬೇರೆ ಮಾಡಿ ತೋರಿಸಿದರು. ಮೊದಲನೆಯದರಲ್ಲಿ ಹಸು ಕರೆದಾಗ, ಹೊಲ ಹದವಾದಾಗ ಕೆಲಸ. ದುಡಿಮೆಗೂ ಬಾಳಿಗೂ ನಡುವೆ ಗೆರೆಯಿಲ್ಲ. ಎರಡನೆಯದರಲ್ಲಿ ಹೊತ್ತು ಮಾರಾಟದ ಸರಕು. ಅದು ಒಡೆಯನದು, ಇಲ್ಲವೇ ಕೆಲಸಗಾರನದು. ಎಪ್ಪತ್ತರ ದಶಕದ ಕೊನೆಯಲ್ಲಿ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆ ಬಂದಾಗ ತುಮಕೂರಿಗೆ ಈ ಎರಡನೆಯ ಹೊತ್ತು ಅದರ ಉಪಕರಣದ ಸಮೇತ ಬಂತು. ಗಡಿಯಾರದ ಒಳಗಿನ ಸೂಕ್ಷ್ಮ ಭಾಗಗಳನ್ನು ಜೋಡಿಸುವ ಅಲ್ಲಿನ ಕೆಲಸವೂ ಒಂದು ಕುಶಲ ಕೈಕೆಲಸವೇ. 2016ರಲ್ಲಿ ಕಂಪನಿಯ ಗಡಿಯಾರ ಘಟಕಗಳ ಬಾಗಿಲು ಮುಚ್ಚಿತು; ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊ ಪಾಲಾಯಿತು. ಯಂತ್ರಯುಗದ ಕುಶಲತೆಯೂ ತನ್ನನ್ನು ಸಾಕುತ್ತಿದ್ದ ಸಂಸ್ಥೆ ನಿಂತಾಗ ಒಂಟಿ ಕೈಗಳಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ ಎಂಬುದಕ್ಕೆ ಇದೊಂದು ಪುರಾವೆ.

ಗಡಿಯಾರದ ಹೊತ್ತಿನಲ್ಲಿ ಬಿಡುವು ಇಲ್ಲದಿಲ್ಲ. ಪಾಳಿ ಮುಗಿದ ಮೇಲೆ, ವಾರದ ರಜೆಯಲ್ಲಿ ಅದು ಸಿಗುತ್ತದೆ. ಆದರೆ ಆ ಬಿಡುವು ಚೂರುಚೂರಾಗಿರುತ್ತದೆ, ಒಬ್ಬರದು ಇನ್ನೊಬ್ಬರದರ ಜೊತೆ ಕೂಡುವುದಿಲ್ಲ. ಹಗಲು ಪಾಳಿಯವರು ಮನೆಗೆ ಬಂದಾಗ ರಾತ್ರಿ ಪಾಳಿಯವರು ಹೊರಟಿರುತ್ತಾರೆ. ಸ್ಥಿತ್ಯಂತರದಲ್ಲಿ ಕಳೆದುಹೋಗುವುದು ಗಂಟೆಗಳಿಗಿಂತ ಹೆಚ್ಚಾಗಿ ಎಲ್ಲರಿಗೂ ಒಟ್ಟಿಗೆ ಒದಗುವ ಗಂಟೆಗಳು. ಈ ವ್ಯತ್ಯಾಸವನ್ನು ಹಿಡಿಯದೆ ಕೊಡುವ ಸಲಹೆಗಳು, ದಿನಕ್ಕೆ ಅರ್ಧ ಗಂಟೆ ಮೀಸಲಿಡಿ ಎಂಬಂಥವು, ಬಹುಬೇಗ ಸೋಲುತ್ತವೆ.

ಎಲ್ಲವನ್ನೂ ಕಲೆಗೆ ತೆತ್ತುಕೊಳ್ಳುವ ಆದರ್ಶಕ್ಕೆ ಈ ಸೀಮೆಯಲ್ಲೇ ಒಂದು ಊರಿದೆ. ತುಮಕೂರು ಬಳಿಯ ಕೈದಾಳ ಜಕಣಾಚಾರಿಯ ಹುಟ್ಟೂರೆಂದು ಐತಿಹ್ಯ. ಕಲೆಯ ಹುಚ್ಚಿನಲ್ಲಿ ಮನೆ ಬಿಟ್ಟು ಹೋದ ಶಿಲ್ಪಿಗೆ ತನ್ನ ಮಗ ಹುಟ್ಟಿದ್ದೂ ತಿಳಿಯದು. ಬೇಲೂರಿನಲ್ಲಿ ಎದುರಾದ ಯುವಕ ಡಂಕಣ, ಜಕಣ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ತೋರಿಸಿಕೊಟ್ಟಾಗ ಜಕಣ ತಾನು ಒಡ್ಡಿದ್ದ ಪಣದಂತೆ ಬಲಗೈ ಕಡಿದುಕೊಳ್ಳುತ್ತಾನೆ. ಆಮೇಲೆ ಆ ಯುವಕ ಮಗನೆಂದು ಗುರುತು ಸಿಗುತ್ತದೆ. ಹುಟ್ಟೂರಿಗೆ ಮರಳಿ ಚೆನ್ನಕೇಶವ ದೇವಾಲಯ ಕಟ್ಟಿದ ಮೇಲೆ ಕೈ ಮತ್ತೆ ಬರುತ್ತದೆ. ಚರಿತ್ರೆಯ ದಾಖಲೆ ಬೇರೆ ಚಿತ್ರ ಕೊಡುತ್ತದೆ. ಕೈದಾಳದ ಗುಡಿ 1150ರ ಸುಮಾರಿಗೆ, ಹೊಯ್ಸಳ ನರಸಿಂಹನ ಕಾಲದಲ್ಲಿ, ಬಾಚಿ ಎಂಬ ಸಾಮಂತ ಕಟ್ಟಿಸಿದ್ದು. ಬೇಲೂರಿನ ಶಿಲ್ಪಗಳ ಮೇಲೆ ದಾಸೋಜ, ಚಾವಣರಂಥ ಬಳ್ಳಿಗಾವೆಯ ಶಿಲ್ಪಿಗಳ ಹೆಸರುಗಳಿವೆ, ಜಕಣನ ಹೆಸರಿಲ್ಲ. ಆ ಗುಡಿಗಳ ಹಿಂದೆ ಇದ್ದದ್ದು ಅರಸರ, ಸಾಮಂತರ ದಾನ, ಊರೂರು ತಿರುಗುವ ಶಿಲ್ಪಿಗಳ ತಂಡ ಮತ್ತು ಅವರ ಅನ್ನಕ್ಕೆ ಆಗಿದ್ದ ವ್ಯವಸ್ಥೆ.

ಐತಿಹ್ಯ ಸುಳ್ಳೋ ನಿಜವೋ ಎಂಬುದಕ್ಕಿಂತ ಅದರೊಳಗಿನ ಲೆಕ್ಕ ಮುಖ್ಯ. ಜಕಣನಿಗೆ ದಕ್ಕಿದ ಅಷ್ಟೂ ವರ್ಷಗಳನ್ನು ಒದಗಿಸಿದವಳು ಊರಿನಲ್ಲಿ ಮಗುವನ್ನು ಒಬ್ಬಳೇ ಬೆಳೆಸಿದ ಹೆಂಡತಿ. ಕಥೆ ಇದನ್ನು ಮರೆಸುವುದಿಲ್ಲ: ಅಪ್ಪನನ್ನು ತಿದ್ದುವ ಕಣ್ಣು ಅವಳು ಬೆಳೆಸಿದ ಮಗನದು, ಕೈ ಮರಳುವುದು ಬಿಟ್ಟುಹೋದ ಊರಿನಲ್ಲೇ. ಒಬ್ಬನ ಕಲೆಯ ಹೊತ್ತು ಇನ್ನೊಬ್ಬರ ಹೊತ್ತಿನಿಂದ ಬರುತ್ತದೆ. ಇದನ್ನು ಒಪ್ಪದ ಕಲಾಚರ್ಚೆ ಅರ್ಧ ಸತ್ಯ ಮಾತ್ರ.

ಕೈದಾಳಕ್ಕೆ ಸಮೀಪದ, ಕುಣಿಗಲ್ ರಸ್ತೆಯ ಗೂಳೂರಿನಲ್ಲಿ ಇನ್ನೊಂದು ಮಾದರಿ ಕಾಣಸಿಗುತ್ತದೆ. ಬೇರೆಲ್ಲ ಕಡೆ ಭಾದ್ರಪದದ ಚೌತಿಗೆ ಗಣಪತಿ ಸಿದ್ಧವಾಗಿರಬೇಕು. ಗೂಳೂರಿನಲ್ಲಿ ಆ ಹೊತ್ತಿಗೆ ಮೂರ್ತಿಯ ಕೆಲಸ ಶುರುವಾಗುತ್ತದೆ. ಕೆರೆಯ ಮಣ್ಣು ತಂದು, ಹದ ಮಾಡಿ, ದಿನವೂ ಮೆತ್ತುತ್ತಾ ಹೋದ ಭಾರೀ ಮೂರ್ತಿಯನ್ನು ದೀಪಾವಳಿಯ ಬಲಿಪಾಡ್ಯಮಿಗೆ ಪ್ರತಿಷ್ಠಾಪಿಸುತ್ತಾರೆ. ಕಾರ್ತಿಕದುದ್ದಕ್ಕೂ ಪೂಜೆ ನಡೆದು, ಕೊನೆಗೆ ಜಾತ್ರೆಯೊಂದಿಗೆ ಅದೇ ಕೆರೆಯಲ್ಲಿ ವಿಸರ್ಜನೆ. ಇಲ್ಲಿ ಗಮನಿಸಬೇಕಾದ್ದು ತಿಂಗಳುಗಳನ್ನು. ಚೌತಿಯಿಂದ ದೀಪಾವಳಿಯವರೆಗಿನ ಸುಮಾರು ಎರಡು ತಿಂಗಳು ರಾಗಿ ಹೊಲದಲ್ಲಿ ನಿಂತಿರುವ, ಕಳೆ ತೆಗೆಯುವ, ಬೆಳೆ ಕಾಯುವ ಕಾಲ. ಸುಗ್ಗಿಯ ನಂತರದ ಬಿಡುವನ್ನು ಕಾಯ್ದು ಆರಂಭಿಸುವ ಕೆಲಸ ಇದಲ್ಲ. ಆರಂಭದ ದಿನ, ಮುಗಿಯುವ ದಿನ ಎರಡನ್ನೂ ಪಂಚಾಂಗ ಹೇಳಿಬಿಟ್ಟಿದೆ; ಊರು ತನ್ನ ಉಳಿದ ಕೆಲಸಗಳನ್ನು ಅದರ ಸುತ್ತ ಹೊಂದಿಸಿಕೊಳ್ಳುತ್ತದೆ. ಮುಳುಗಿಸಲೆಂದೇ ಮಾಡುವ ಮೂರ್ತಿಯಾದ್ದರಿಂದ ಪ್ರತಿ ವರ್ಷ ಹೊಸದಾಗಿ ಮಾಡಲೇಬೇಕು, ಹೊಸ ಕೈಗಳು ಕಲಿಯಲೇಬೇಕು.

ಗುಬ್ಬಿಯ ರಂಗಭೂಮಿಯಲ್ಲಿ ಹೊತ್ತಿನ ಏರ್ಪಾಡು ಇನ್ನೊಂದು ರೂಪ ಪಡೆಯಿತು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಬಾಲನಟನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. ಕಂಪನಿ ಎಂದರೆ ಊಟ, ವಸತಿ, ಸಂಬಳ, ತಾಲೀಮು ಎಲ್ಲ ಒಂದೇ ಬಿಡಾರದಲ್ಲಿ. ಕಲಿಯುವ ಹೊತ್ತಿನ ಖರ್ಚನ್ನು ಸಂಸ್ಥೆಯೇ ಹೊರುತ್ತಿತ್ತು. ಮನೆ ಬಿಟ್ಟು ಬಂದು ಕಂಪನಿ ಸೇರಿದ ಬಾಲಕ ಬಿ. ವಿ. ಕಾರಂತರನ್ನು ಮುಂದೆ ಕಾಶಿಗೆ ಓದಲು ಕಳಿಸಿದ್ದು ವೀರಣ್ಣನವರೇ. ಸಿನಿಮಾ ಬಂದು ನಾಟಕಕ್ಕೆ ಪೈಪೋಟಿ ಶುರುವಾದಾಗ ಅವರು ಹೊಸ ಮಾಧ್ಯಮವನ್ನು ದೂರ ಇಡಲಿಲ್ಲ; 1954ರ 'ಬೇಡರ ಕಣ್ಣಪ್ಪ' ಚಿತ್ರದ ನಿರ್ಮಾಣದಲ್ಲಿ ಪಾಲುಗೊಂಡರು, ಅದರ ನಾಯಕ ರಾಜ್‌ಕುಮಾರ್ ಕೂಡ ಅದೇ ಕಂಪನಿಯಲ್ಲಿ ಪಳಗಿದವರು. ಸ್ಥಿತ್ಯಂತರವನ್ನು ದಾಟಿಸುವ ಶಕ್ತಿ ಸಂಸ್ಥೆಗೆ ಇತ್ತು, ಬಿಡಿ ನಟನಿಗೆ ಇರಲಿಲ್ಲ.

ಕಂಪನಿಗಳ ಕಾಲ ಇಳಿದ ಮೇಲೂ ಈ ಜಿಲ್ಲೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಬತ್ತಿಲ್ಲ. 'ಕುರುಕ್ಷೇತ್ರ' ಇಂದಿಗೂ ರಾತ್ರಿಯಿಡೀ ನಡೆಯುತ್ತದೆ. ರೈತರು, ಮೇಷ್ಟ್ರುಗಳು, ಡ್ರೈವರುಗಳು ತಿಂಗಳುಗಟ್ಟಲೆ ರಾತ್ರಿ ಹೊತ್ತು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ, ಮಟ್ಟು ಕಲಿಯುತ್ತಾರೆ. ಪಾತ್ರಕ್ಕೆ ಇಷ್ಟು ಎಂದು ನಟರೇ ಹಣ ಹಾಕುವ ರೂಢಿಯುಂಟು. ದುರ್ಯೋಧನನ ಪಾರ್ಟಿಗೆ ಹೆಚ್ಚು, ಸಣ್ಣ ಪಾರ್ಟಿಗೆ ಕಡಿಮೆ. ದುಡ್ಡು ಕೊಟ್ಟು ರಾಜನಾಗುವ ಶೋಕಿ ಎಂದು ಇದನ್ನು ನಗುವವರಿದ್ದಾರೆ. ಆದರೆ ಆ ಹಣ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಹಣ ಹಾಕಿದವನು ತಾಲೀಮು ತಪ್ಪಿಸುವುದಿಲ್ಲ. ಸೀನರಿಗೆ ಮುಂಗಡ ಕೊಟ್ಟು, ಕರಪತ್ರ ಹಂಚಿದ ಮೇಲೆ ದಿನ ಮುಂದೂಡುವಂತಿಲ್ಲ. ಮನಸ್ಸಿಗೆ ತೋಚಿದಾಗ ಮಾಡುವ ಹವ್ಯಾಸ ನಾಲ್ಕು ಜನಕ್ಕೆ ಕೊಟ್ಟ ಮಾತಾಗಿ ಗಟ್ಟಿಗೊಳ್ಳುತ್ತದೆ.

ಹಳೆಯ ಏರ್ಪಾಡುಗಳನ್ನು ಹಾಗೇ ಹೊಗಳುವಂತಿಲ್ಲ. ಕುಂಬಾರನ ತಿಗುರಿ, ಮೇದಾರನ ಬಿದಿರು, ನೇಕಾರನ ಮಗ್ಗ ಅವರು ಆರಿಸಿಕೊಂಡ ಹೊತ್ತಲ್ಲ. ಹುಟ್ಟಿನಿಂದ ಬಂದ ಹೊರೆ. ಕಾರ್ಖಾನೆಯ ಕೂಲಿ ಅಂಥ ಮನೆಗಳ ಮಕ್ಕಳಿಗೆ ಬಿಡುಗಡೆಯೂ ಹೌದು. ಕಸುಬು ಅಳಿಯುತ್ತಿದೆ ಎಂದು ಮರುಗುವ ಮಾತು ಆ ಬಿಡುಗಡೆಯನ್ನು ಕಸಿಯುವ ಮಾತಾಗಬಾರದು. ಹೆಂಗಸರ ಲೆಕ್ಕವೂ ಬಾಕಿ ಇದೆ. ಗರಿ ಹೆಣೆದದ್ದು, ಕಡ್ಡಿ ಪೊರಕೆ ಕಟ್ಟಿದ್ದು, ದಿನಬೆಳಗಾದರೆ ರಂಗೋಲಿ ಇಟ್ಟದ್ದು ಕಲೆಯ ಲೆಕ್ಕಕ್ಕೂ ಬರಲಿಲ್ಲ, ದುಡಿಮೆಯ ಲೆಕ್ಕಕ್ಕೂ ಬರಲಿಲ್ಲ. ಈಗ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಹಗಲೆಲ್ಲ ಹೊಲಿಗೆ ಯಂತ್ರದ ಮುಂದೆ ಕೂತು, ಮನೆಗೆ ಬಂದು ಎರಡನೆಯ ಪಾಳಿ ಆರಂಭಿಸುತ್ತಾರೆ. ಗಂಡಸರು ತಾಲೀಮಿಗೆ ಹೋದ ರಾತ್ರಿಗಳಲ್ಲಿ ದನಕರು, ಅಡುಗೆ ನೋಡಿಕೊಂಡವರೂ ಅವರೇ. ರಂಗದ ಮೇಲೂ ಅವರಿಗೆ ಎಡೆ ಕಡಿಮೆ; ಸ್ತ್ರೀಪಾತ್ರಕ್ಕೆ ಹೊರಗಿನ ವೃತ್ತಿನಟಿಯರನ್ನು ಕರೆಸುವುದೇ ಸಾಮಾನ್ಯ. ಜಕಣನ ಹೆಂಡತಿಯ ಪಾಲು ಬದಲಾಗಿಲ್ಲ.

ಹೊತ್ತನ್ನು ಎಲ್ಲರಿಗೂ ಸಮವಾಗಿ ಹಂಚುವ ಒಂದು ದೊಡ್ಡ ಪ್ರಯತ್ನ ಕರ್ನಾಟಕದ ನೆಲದಲ್ಲೇ ನಡೆಯಿತು. 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಕಾಂಗ್ರೆಸ್, ಸದಸ್ಯರಾಗಲು ತಿಂಗಳಿಗೆ 2000 ಗಜ ನೂಲು ಕೊಡಬೇಕೆಂಬ ನಿಯಮವನ್ನು ಒಪ್ಪಿತು. ವಕೀಲನೂ ರೈತನೂ ಒಂದೇ ರಾಟೆಗೆ ಕೂರಬೇಕೆಂಬುದು ಆಶಯ. ಗಂಟೆಯ ಬದಲು ನೂಲಿನ ಉದ್ದವನ್ನು ಅಳತೆಯಾಗಿ ಇಟ್ಟದ್ದು ಜಾಣತನ; ಹೊತ್ತು ಚೂರಾಗಿರುವವನೂ ಸಿಕ್ಕಷ್ಟು ಹೊತ್ತಿನಲ್ಲಿ ನೂತು ಒಟ್ಟುಗೂಡಿಸಬಹುದಿತ್ತು. ಆದರೆ ಬೇರೆಯವರು ನೂತದ್ದನ್ನು ಒಪ್ಪಿಸಲೂ ಅವಕಾಶವಿತ್ತು. ಒಳಗಿನ ಒಲವಿಲ್ಲದವರು ಆ ದಾರಿ ಹಿಡಿಯಬಹುದಿತ್ತು. ವರ್ಷ ತುಂಬುವ ಮೊದಲೇ ಹಣ ಅಥವಾ ನೂಲು, ಯಾವುದಾದರೂ ಸರಿ ಎಂದು ನಿಯಮ ಸಡಿಲಾಯಿತು. ಮೇಲಿನಿಂದ ಹೇರಿದ ಕಟ್ಟುಪಾಡು ನಿಲ್ಲುವುದಿಲ್ಲ, ತಾವೇ ಕಟ್ಟಿಕೊಂಡದ್ದು ನಿಲ್ಲುತ್ತದೆ. ಗೂಳೂರಿಗೂ ಬೆಳಗಾವಿಯ ನಿಯಮಕ್ಕೂ ಇರುವ ಅಂತರ ಇಷ್ಟೇ.

ಇವುಗಳಿಂದ ಕೆಲವು ತೀರ್ಮಾನಗಳು ಹೊರಡುತ್ತವೆ. ಕಲೆಗೆ ಮುಗಿಯುವ ದಿನವೊಂದು ಬೇಕು. ದಿನ ಗೊತ್ತಾದರೆ ಹೊತ್ತು ಅದರ ಹಿಂದೆ ಬರುತ್ತದೆ. ಜೊತೆಗಾರರು ಬೇಕು, ಏಕೆಂದರೆ ಒಂಟಿ ಸಂಕಲ್ಪ ದಣಿದ ಸಂಜೆಯನ್ನು ಗೆಲ್ಲುವುದು ಕಷ್ಟ. ಅಳತೆ ಗಂಟೆಗಳಲ್ಲಿರದೆ ಮಾಡಿದ ಕೆಲಸದಲ್ಲಿರಬೇಕು. ಕಲಿಯುವ ಹೊತ್ತಿಗೆ ಬೆಲೆ ಕಟ್ಟಬೇಕು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಕೇಂದ್ರದ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಕೊಡುತ್ತದೆ. ಕಸುಬುದಾರ ಒಂದು ದಿನ ಕಲಿಯಲು ಕೂತರೆ ಅಂದಿನ ಕೂಲಿ ಹೋಗುತ್ತದೆ ಎಂಬ ಸರಳ ಸತ್ಯವನ್ನು ಅದು ಒಪ್ಪಿದೆ. ಕಾರ್ಖಾನೆಗಳು ಪಾಳಿಪಟ್ಟಿ ಹಾಕುವಾಗ ಊರಿನ ನಾಟಕ, ಜಾತ್ರೆಯ ದಿನಗಳನ್ನು ನೋಡಿದರೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಸಂಜೆ ಕೈಕೆಲಸಕ್ಕೂ ಬಾಗಿಲು ತೆರೆದರೆ, ಕೂಡಿ ಬರುವ ಹೊತ್ತು ಒಂದಿಷ್ಟಾದರೂ ಮರಳುತ್ತದೆ.

ಎಲ್ಲ ಒಂದು ದಾರಿಗೆ ಬಂದ ಮೇಲೆ ಎನ್ನುವವರಿಗೆ ಆ ದಿನ ಬರುವುದಿಲ್ಲ. ಒಂದು ಹೊರಳು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗಿರುತ್ತದೆ. ಕಲೆಗೆ ಹೊತ್ತು ಮಾಡಿಕೊಳ್ಳುವುದು ಒಬ್ಬೊಬ್ಬರ ಶಿಸ್ತಿನ ಪ್ರಶ್ನೆಗಿಂತ ಊರೊಂದು ತನ್ನ ಹೊತ್ತನ್ನು ಹೇಗೆ ಹಂಚಿಕೊಳ್ಳುತ್ತದೆ ಎಂಬ ಪ್ರಶ್ನೆ. ಆ ಹಂಚಿಕೆಯಲ್ಲಿ ಅಡುಗೆಮನೆಯಲ್ಲಿ ದುಡಿಯುವವರ ಪಾಲು ಸೇರಿದಾಗ ಮಾತ್ರ ಲೆಕ್ಕ ಸರಿಯಾಗುತ್ತದೆ.