ಧ್ವನಿಯೂ ಒಂದು ಅಮಾನತು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯ ಹಳ್ಳಿಗಳಲ್ಲಿ ಮಗ್ರಿಬ್ ನಮಾಝ್ ಮುಗಿಸಿ ಹೊರಬಂದಾಗ ಕಬ್ಬಿನ ಹೊಲಗಳ ಆಚೆಯಿಂದ ನರಿಯ ಊಳು ಕೇಳಿಸುವುದುಂಟು. ಮೊದಲು ಒಂದು ಕೂಗುತ್ತದೆ. ಕ್ಷಣ ಕಳೆಯುವುದರೊಳಗೆ ಇನ್ನೊಂದು, ಮತ್ತೊಂದು ದನಿಗೂಡಿಸುತ್ತವೆ. ಮಕ್ಕಳು ಹೆದರಿ ತಾಯಿಯ ಮಗ್ಗುಲು ಸೇರುತ್ತಾರೆ. ಅಪಶಕುನವೆಂದು ಬಾಗಿಲು ಮುಚ್ಚುವ ಹಿರಿಯರೂ ಇದ್ದಾರೆ. ಸತ್ಯವಿಶ್ವಾಸಿಗೆ ಶಕುನದ ಭಯವಿಲ್ಲ. ಆದರೆ ಆ ಕೂಗಿನಲ್ಲಿ ಅವನಿಗೊಂದು ಪಾಠವಿದೆ.

ನಾವು ನರಿ ಎಂದು ಕರೆಯುವ ಈ ಪ್ರಾಣಿ ವಾಸ್ತವದಲ್ಲಿ ಗುಳ್ಳೆನರಿ. ಗಂಡು ಹೆಣ್ಣು ಜೋಡಿಯಾಗಿ ಬಾಳುತ್ತವೆ. ಹಿಂದಿನ ವರ್ಷದ ಮರಿಗಳಲ್ಲಿ ಕೆಲವು ತಂದೆ ತಾಯಿಯ ಬಳಿಯೇ ಉಳಿದು, ಈ ವರ್ಷ ಹುಟ್ಟಿದ ತಮ್ಮ ತಂಗಿಯರಿಗೆ ಆಹಾರ ತಂದು ಉಣಿಸುತ್ತವೆ. ಹಗಲೆಲ್ಲ ಕಬ್ಬಿನಲ್ಲೋ ಪೊದೆಯಲ್ಲೋ ಅಡಗಿದ್ದು ಸಂಜೆ ಹೊರಡುವಾಗ ಅವು ಕೂಗುವುದು ಯಾರನ್ನೂ ಹೆದರಿಸಲಿಕ್ಕಲ್ಲ. ಆ ಕೂಗಿನಿಂದ ಚದುರಿದ ಕುಟುಂಬಕ್ಕೆ ತನ್ನವರ ಇರವು ತಿಳಿಯುತ್ತದೆ. ನೆರೆಯ ಕುಟುಂಬಕ್ಕೆ ಗಡಿ ತಿಳಿಯುತ್ತದೆ. ಎಷ್ಟೋ ಸಲ ಕಚ್ಚಾಟದ ಅಗತ್ಯವೇ ಬೀಳುವುದಿಲ್ಲ.

ಇದೇ ಬೆಳಗಾವಿ ಜಿಲ್ಲೆಯ ಇನ್ನೊಂದು ತುದಿಗೆ, ಖಾನಾಪುರ ತಾಲೂಕಿನ ದಟ್ಟ ಕಾಡಿಗೆ ಹೋಗಿ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾದ ಭೀಮಗಡ ಅಲ್ಲಿದೆ. ಅಲ್ಲಿನ ಕೆನ್ನಾಯಿಗಳು ತೋಳದಂತೆ ಊಳಿಡುವುದಿಲ್ಲ, ಸಿಳ್ಳೆ ಹಾಕುತ್ತವೆ. ಬೇಟೆಯ ಓಟದಲ್ಲಿ ಪೊದೆಗಳ ನಡುವೆ ಚದುರಿಹೋದಾಗ ಒಂದರ ಸಿಳ್ಳೆಗೆ ಇನ್ನೊಂದು ಸಿಳ್ಳೆಯಿಂದಲೇ ಓಗೊಟ್ಟು ಮತ್ತೆ ಒಂದುಗೂಡುತ್ತವೆ. ಬೇಟೆ ಸಿಕ್ಕಮೇಲೆ ಬಲಿಷ್ಠ ನಾಯಿಗಳು ಹಿಂದೆ ಸರಿದು ಮರಿಗಳಿಗೆ ಮೊದಲು ತಿನ್ನಲು ಬಿಡುತ್ತವೆ.

ಭೂಮಿಯ ಮೇಲೆ ಚಲಿಸುವ ಪ್ರಾಣಿಗಳೂ ರೆಕ್ಕೆ ಬಿಚ್ಚಿ ಹಾರುವ ಹಕ್ಕಿಗಳೂ ನಮ್ಮಂತೆಯೇ ಸಮುದಾಯಗಳು ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ (ಅಲ್ ಅನ್‌ಆಮ್: 38). ಅವುಗಳಿಗೂ ಅಲ್ಲಿ ಬಳಕೆಯಾಗಿರುವುದು 'ಉಮ್ಮತ್' ಎಂಬ ಪದದ ಬಹುವಚನವೇ. ತನ್ನವರು ತುಳಿತಕ್ಕೆ ಸಿಕ್ಕಾರೆಂದು ಕೂಗಿ ಎಚ್ಚರಿಸಿದ ಒಂದು ಇರುವೆಯ ಮಾತು ಕೇಳಿ ಸುಲೈಮಾನ್(ಅ)ರು ಮುಗುಳ್ನಕ್ಕರು, ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಿದರು (ಅನ್ನಮ್ಲ್: 18-19). ಮೂಕಪ್ರಾಣಿ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಅದು ಮೂಕವಲ್ಲ, ನಾವೇ ಕಿವುಡರು.

ಪ್ರಾಣಿಗಳ ಕೂಗಿಗೆ ಅರ್ಥವಿದೆಯೆಂಬುದನ್ನು ವಿಜ್ಞಾನಿಗಳು ಪರೀಕ್ಷಿಸಿಯೂ ನೋಡಿದ್ದಾರೆ. ಆಫ್ರಿಕಾದ ಕೀನ್ಯಾ ದೇಶದ ಅಂಬೋಸೆಲಿಯಲ್ಲಿ ವರ್ವೆಟ್ ಎಂಬ ಜಾತಿಯ ಮಂಗಗಳಿವೆ. ಚಿರತೆ ಕಂಡರೆ ಅವುಗಳದು ಒಂದು ಕೂಗು, ಹದ್ದಿಗೆ ಬೇರೆ, ಹಾವಿಗೆ ಮತ್ತೊಂದು. ಸೇಫಾರ್ತ್, ಚೀನಿ, ಮಾರ್ಲರ್ ಎಂಬ ಸಂಶೋಧಕರು ಈ ಕೂಗುಗಳನ್ನು ಧ್ವನಿಮುದ್ರಿಸಿ, ಮರೆಯಲ್ಲಿಟ್ಟ ಧ್ವನಿವರ್ಧಕದಿಂದ ಕೇಳಿಸಿದರು. ಚಿರತೆಯ ಕೂಗಿಗೆ ಮಂಗಗಳು ಮರವೇರಿದವು. ಹದ್ದಿನ ಕೂಗಿಗೆ ಆಕಾಶ ನೋಡಿದವು. ಹಾವಿನ ಕೂಗಿಗೆ ನೆಲ ನೋಡಿದವು. ಇದು ಪ್ರಕಟವಾದದ್ದು 1980ರಲ್ಲಿ.

1988ರಲ್ಲಿ ಚೀನಿ ಮತ್ತು ಸೇಫಾರ್ತ್ ಇನ್ನೊಂದು ಪರೀಕ್ಷೆಯ ಫಲ ಪ್ರಕಟಿಸಿದರು. ಬೇರೆ ಗುಂಪು ಬಂತೆಂದು ಸಾರುವ ಒಂದು ಮಂಗನ ಕೂಗನ್ನು, ಯಾವ ಗುಂಪೂ ಬಾರದಿರುವಾಗ, ಮತ್ತೆ ಮತ್ತೆ ಕೇಳಿಸಲಾಯಿತು. ಕೆಲವು ಸಲ ಕಿವಿಗೊಟ್ಟ ಮಂಗಗಳು ಆಮೇಲೆ ಅದನ್ನು ಅಲಕ್ಷಿಸಿದವು. ಅದೇ ಮಂಗನು ಅದೇ ಸುದ್ದಿಯನ್ನು ಬೇರೆ ದನಿಯಲ್ಲಿ ಕೂಗಿದಾಗಲೂ ನಂಬಲಿಲ್ಲ. ಆದರೆ ಬೇರೊಂದು ಮಂಗ ಕೂಗಿದಾಗ ಎಂದಿನಂತೆ ಎಚ್ಚೆತ್ತವು. ಹುಸಿ ಕೂಗಿನಿಂದ ಹಾಳಾಗುವುದು ಕೂಗುವವನ ವಿಶ್ವಾಸ. ನಿಜವಾದ ಅಪಾಯ ಬಂದ ದಿನ ಅವನ ಬಳಿ ಧ್ವನಿಯಿರುತ್ತದೆ, ಅದನ್ನು ನಂಬುವವರಿರುವುದಿಲ್ಲ.

ಇದು ಕಾಡಿನ ಮಾತು ಮಾತ್ರವಲ್ಲ. ಕೃಷ್ಣಾ ತೀರದ ಒಂದು ಹಳ್ಳಿಯಲ್ಲಿ ನನಗೆ ಪರಿಚಯದ ಅಣ್ಣ ತಮ್ಮಂದಿರಿದ್ದಾರೆ. ತಂದೆ ಕಟ್ಟಿಸಿದ ಮನೆಯ ನಡುವೆ ಗೋಡೆ ಎಬ್ಬಿಸಿ ಬೇರೆಯಾದವರು. ಹೊಲಕ್ಕೆ ನೀರು ಹಾಯಿಸುವ ಪಾಳಿಯ ವಿಷಯದಲ್ಲಿ ತಮ್ಮ ಒಂದು ಸುಳ್ಳು ಹೇಳಿದ್ದ. ಅಲ್ಲಿಂದ ಎರಡು ವರ್ಷ ಸಲಾಮ್ ಕೂಡ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ, ನಡುರಾತ್ರಿ ತಮ್ಮನಿಗೆ ಎಚ್ಚರವಾಯಿತು. ನೀರು ಹೊಸ್ತಿಲಿಗೆ ಬಂದಿತ್ತು. ಗೋಡೆಯ ಬಳಿ ನಿಂತ, ಬಾಯಿ ಬರಲಿಲ್ಲ. ಕೊನೆಗೆ "ಭಾಯಿ, ಏಳು! ನೀರು ಬಂತು" ಎಂದು ಕೂಗಿದ. ಅಣ್ಣ ಎಚ್ಚರವಾಗಿದ್ದ, ಆದರೆ ಏಳಲಿಲ್ಲ. ಇದೂ ಅವನ ಒಂದು ಆಟ ಎಂದುಕೊಂಡ. ತಮ್ಮ ಮೂರನೆಯ ಸಲ ಅಳುತ್ತಾ ಕೂಗಿದಾಗ ಬಾಗಿಲು ತೆರೆಯಿತು. ಅಲ್ಲಾಹನ ಕೃಪೆಯಿಂದ ಎಲ್ಲರ ಜೀವ ಉಳಿಯಿತು. ಹಿತ್ತಿಲಲ್ಲಿ ಕಟ್ಟಿದ್ದ ಅಣ್ಣನ ಎರಡು ಆಡುಗಳನ್ನು ಬಿಚ್ಚಲು ಮಾತ್ರ ಹೊತ್ತು ಸಾಲಲಿಲ್ಲ.

"ನನಗೆ ನೀರಿನ ಹೆದರಿಕೆ ಆಗಲಿಲ್ಲ. ನನ್ನ ಮಾತನ್ನು ಭಾಯಿ ನಂಬುತ್ತಾನೋ ಇಲ್ಲವೋ ಎಂಬುದೇ ಹೆದರಿಕೆ" ಎಂದು ಆ ತಮ್ಮ ನಂತರ ನನ್ನಲ್ಲಿ ಹೇಳಿದ. ಆಡುಗಳ ಬೆಲೆಯನ್ನು ಅವನು ಅಣ್ಣನ ಕೈಗಿಟ್ಟ. ಅಣ್ಣ ತೆಗೆದುಕೊಳ್ಳಲಿಲ್ಲ. "ಮೊದಲ ಕೂಗಿಗೇ ಏಳದ್ದು ನನ್ನ ತಪ್ಪು" ಎಂದ.

ಸಹೋದರರೇ, ಮುಸ್ಲಿಮನು ತನ್ನ ಸಹೋದರನೊಡನೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಟ್ಟಿರುವುದು ಧರ್ಮಸಮ್ಮತವಲ್ಲವೆಂದೂ, ಮೊದಲು ಸಲಾಮ್ ಹೇಳುವವನೇ ಅವರಿಬ್ಬರಲ್ಲಿ ಉತ್ತಮನೆಂದೂ ಪ್ರವಾದಿ(ಸ)ರು ಕಲಿಸಿದ್ದಾರೆ. ಕಾಡಿನಲ್ಲೂ ಜಗಳವಿದೆ, ಪ್ರಾಣಿಗಳು ಸಂತರಲ್ಲ. ಆದರೆ ಅವು ನಡೆಯುವುದು ಅಲ್ಲಾಹನು ಇಟ್ಟ ಸ್ವಭಾವದಂತೆ. ನಮಗೆ ಅವನು ಮಾತು ಕೊಟ್ಟ, ಅದನ್ನು ಸತ್ಯಕ್ಕೋ ಸುಳ್ಳಿಗೋ ಬಳಸುವ ಆಯ್ಕೆಯನ್ನೂ ಕೊಟ್ಟ. ಆದ್ದರಿಂದಲೇ ನಮ್ಮ ಧ್ವನಿ ಅಮಾನತು, ಅದರ ಲೆಕ್ಕ ಕೇಳಲಾಗುವುದು.

ಇಂದು ಸಂಜೆ ನರಿಯ ಕೂಗು ಕೇಳಿಸಿದರೆ ಬಾಗಿಲು ಮುಚ್ಚಬೇಡಿ. ಒಂದು ಕ್ಷಣ ನಿಂತು ಕೇಳಿ. ಅಲ್ಲಿ ಕರೆದದ್ದಕ್ಕೆ ಉತ್ತರ ಬರುತ್ತಿದೆ. ನಿಮ್ಮ ಗೋಡೆಯಾಚೆ ನಿಮ್ಮ ಕರೆಗಾಗಿ ಕಾದವರು ಯಾರಾದರೂ ಇದ್ದಾರೆಯೇ? ಸುಳ್ಳು ನಿಮ್ಮದಾಗಿದ್ದರೆ ಒಪ್ಪಿಕೊಳ್ಳಿ. ಕರೆ ಅವರದಾಗಿದ್ದರೆ ಮೊದಲ ಕೂಗಿಗೇ ಏಳಿ.

ಅಲ್ಲಾಹನು ನಮ್ಮ ನಾಲಗೆಯಲ್ಲಿ ಸತ್ಯವನ್ನೂ, ನಮ್ಮವರ ಕರೆಗೆ ಓಗೊಡುವ ಹೃದಯವನ್ನೂ ಕರುಣಿಸಲಿ. ಆಮೀನ್.